ಅಗಸ್ಟೀನನ ಕಣ್ಣೀರು ಮತ್ತು ನಮ್ಮ ಪ್ರಸಂಗಗಳು

ಪ್ರಸಂಗದ ನಡುವೆ ಹೇಳಿದ ಕಥೆಯೊಂದು ಸಭೆಯ ಕಣ್ಣುಗಳನ್ನು ತೇವಗೊಳಿಸಿದರೆ ನಮ್ಮ ಸೇವೆ ಸಾರ್ಥಕವಾಯಿತೆಂದು ನಾವು ಬಗೆಯುತ್ತೇವೆ. ಈ ನೆಮ್ಮದಿಯನ್ನು ಸಭಾಪಿತೃವಾದ ಅಗಸ್ಟೀನನು ಕದಡುತ್ತಾನೆ. ಕ್ರಿ.ಶ. 400ರ ಆಸುಪಾಸಿನಲ್ಲಿ ರಚಿತವಾದ ಅವನ ‘ಕನ್ಫೆಷನ್ಸ್’ ಗ್ರಂಥವನ್ನು, ಕಥೆಗಳು ಒಬ್ಬ ಮನುಷ್ಯನ ಹೃದಯವನ್ನು ರೂಪಿಸಿದ ಚರಿತ್ರೆಯೆಂದೂ ನಾವು ಓದಬಹುದು.

ಉತ್ತರ ಆಫ್ರಿಕದಲ್ಲಿ ಬಾಲಕನಾಗಿದ್ದಾಗ ಅವನು ವರ್ಜಿಲನ ಕಾವ್ಯವನ್ನು ಓದಿ, ಪ್ರೇಮಕ್ಕಾಗಿ ಪ್ರಾಣ ಬಿಟ್ಟ ರಾಣಿ ಡೈಡೋಳಿಗಾಗಿ ಅತ್ತನು. ದೇವರಿಂದ ದೂರವಾಗಿ ಸಾಯುತ್ತಿದ್ದ ತನಗಾಗಿ ಅಳಲಿಲ್ಲ. ಯೌವನದಲ್ಲಿ ಕಾರ್ಥೇಜಿನ ನಾಟಕಶಾಲೆಗಳು ಅವನನ್ನು ಸೆಳೆದವು. ಅಲ್ಲಿ ಪ್ರೇಕ್ಷಕನಿಗೆ ದುಃಖಿಸಲು ಕರೆಯುಂಟು, ನೆರವಾಗಲು ಕರೆಯಿಲ್ಲವೆಂಬುದನ್ನು ಅವನು ಅನಂತರ ಕಂಡುಕೊಂಡನು.

386ರಲ್ಲಿ ಮಿಲಾನಿನ ಅವನ ಮನೆಗೆ ಪೊಂಟಿಸಿಯಾನಸ್ ಎಂಬ ಆಸ್ಥಾನದ ಅಧಿಕಾರಿ ಬಂದನು. ಮೇಜಿನ ಮೇಲೆ ಪೌಲನ ಪತ್ರಿಕೆಗಳನ್ನು ಕಂಡು ಸಂತೋಷಪಟ್ಟು, ಐಗುಪ್ತದ ಸನ್ಯಾಸಿ ಅಂತೋಣಿಯ ಕಥೆಯನ್ನು ಹೇಳಿದನು. ಆ ಚರಿತ್ರೆಯನ್ನು ಟ್ರಿಯರ್ ನಗರದಲ್ಲಿ ಓದಿ ರಾಜಸೇವೆಯನ್ನು ತೊರೆದ ಇಬ್ಬರ ಸಂಗತಿಯನ್ನೂ ತಿಳಿಸಿದನು. ಅಂತೋಣಿಯ ಬದುಕು ತಿರುಗಿದ್ದಾದರೂ ದೇವಾಲಯದಲ್ಲಿ ಓದಲ್ಪಟ್ಟ ಸುವಾರ್ತೆಯನ್ನು ಕೇಳಿಯೇ. ಆ ಮಾತುಗಳು ಕಿವಿಗೆ ಬೀಳುತ್ತಿದ್ದಾಗ ದೇವರು ತನ್ನನ್ನು ತನ್ನೆದುರಿಗೇ ನಿಲ್ಲಿಸಿದನೆಂದು ಅಗಸ್ಟೀನನು ಬರೆಯುತ್ತಾನೆ. ಅಂದು ತೋಟದಲ್ಲಿ ಅವನು ತನಗಾಗಿಯೇ ಅತ್ತನು. 387ರ ಪುನರುತ್ಥಾನದ ಹಬ್ಬದಲ್ಲಿ ಅಂಬ್ರೋಸನಿಂದ ದೀಕ್ಷಾಸ್ನಾನ ಹೊಂದಿದನು.

ಹಾಗಾದರೆ ಅನ್ಯರ ಕಾವ್ಯ ಕೆಟ್ಟದ್ದು, ಸಂತರ ಚರಿತ್ರೆ ಒಳ್ಳೆಯದು ಎನ್ನೋಣವೇ? ಭೇದ ಅಷ್ಟು ಸುಲಭವಲ್ಲ. ಸಂತರ ಚರಿತ್ರೆಯನ್ನೂ ನಾವು ನಾಟಕಶಾಲೆಯನ್ನಾಗಿ ಮಾಡಬಲ್ಲೆವು. ಹಿಪ್ಪೋವಿನ ಬಿಷಪನಾಗಿದ್ದಾಗ ಅಗಸ್ಟೀನನು ಮೌರಿಟೇನಿಯದ ಸಿಸೇರಿಯದಲ್ಲಿ ಪ್ರಸಂಗಿಸಿದನು. ಅಲ್ಲಿ ಪ್ರತಿವರ್ಷ ಒಂದೇ ಊರಿನವರು, ತಂದೆಮಕ್ಕಳು ಸಹ, ಎರಡು ಪಂಗಡಗಳಾಗಿ ಕಲ್ಲೆಸೆದು ಕೊಲ್ಲುತ್ತಿದ್ದರು. ಜನರ ಕರತಾಡನವನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಕಣ್ಣೀರನ್ನು ಕಂಡಾಗ ಭರವಸೆ ಹೊಂದಿದನು. ಆದರೆ ಅದನ್ನು ದಾಖಲಿಸುವಾಗ, ಆ ಕಾಳಗ ಮರಳಿ ನಡೆಯದೆ 8 ವರ್ಷ ಅಥವಾ ಹೆಚ್ಚು ಕಾಲ ಸಂದಿತೆಂಬುದನ್ನೂ ಹೇಳಲು ಮರೆಯಲಿಲ್ಲ.

ಅಳಿಸುವುದು ಖಚಿತವೆಂಬ ಒಂದೇ ಕಾರಣಕ್ಕೆ ನಾವು ಆಯ್ದುಕೊಂಡ ಕಥೆಗಳೆಷ್ಟಿಲ್ಲ! ದೂರದ ಅನಾಥ ಬಾಲಕನಿಗಾಗಿ ಅತ್ತ ಸಭೆ, ಬಾಗಿಲ ಬಳಿ ಕುಳಿತ ವಿಧವೆಯನ್ನು ಮಾತನಾಡಿಸದೆ ಮನೆಗೆ ಹೋದುದನ್ನೂ ನಾವು ಕಂಡಿದ್ದೇವೆ. ಆದುದರಿಂದ ಕಥೆಯನ್ನು ಆಯ್ದುಕೊಳ್ಳುವಾಗ, ಇದನ್ನು ಕೇಳಿದವರು ಯಾರ ಬಳಿಗೆ ಎದ್ದು ಹೋಗಬೇಕು ಎಂಬುದನ್ನು ನಾವು ಮೊದಲು ನಿಶ್ಚಯಿಸಿಕೊಳ್ಳೋಣ.