ಹಳೇ ಸೈಕಲ್ಲು, 40,000 ಕಿಲೋಮೀಟರು

ಆಫ್ರಿಕಾ ಖಂಡವನ್ನು ಸೈಕಲ್ಲಿನಲ್ಲಿ ದಾಟಬೇಕು ಅಂದರೆ ಈಗ ಎಷ್ಟೆಲ್ಲಾ ತಯಾರಿ! ವೀಸಾ, ಹಳದಿ ಜ್ವರದ ಲಸಿಕೆ, ಮಲೇರಿಯಾ ಮಾತ್ರೆ, ಜಿಪಿಎಸ್ಸು, ಹೆಚ್ಚುವರಿ ಟೈರು, ಪ್ರಾಯೋಜಕರು... ಪಟ್ಟಿ ಮುಗಿಯೋದೇ ಇಲ್ಲ. ಇದ್ಯಾವುದೂ ಸರಿಯಾಗಿ ಇಲ್ಲದೆ ಹೊರಟವನೊಬ್ಬ ಇದ್ದ. ಹೆಸರು ಕಾಜಿಮಿಯೆಝ್ ನೋವಾಕ್, ಪೋಲೆಂಡಿನವನು.

ಹುಟ್ಟಿದ್ದು 1897ರಲ್ಲಿ, ಇಂದಿನ ಯುಕ್ರೇನಿನಲ್ಲಿರುವ ಸ್ತ್ರಿಯ್ ಎಂಬ ಊರಲ್ಲಿ. ಮೊದಲ ಮಹಾಯುದ್ಧದ ನಂತರ ಪೊಜ್ನಾನ್ ನಗರ ಸೇರಿ ವಿಮಾ ಕಂಪನಿಯೊಂದರಲ್ಲಿ ಗುಮಾಸ್ತನಾದ. ಹೆಂಡತಿ ಮರಿಯಾ, ಇಬ್ಬರು ಮಕ್ಕಳು. ಆಮೇಲೆ ದೇಶದ ಆರ್ಥಿಕತೆ ಕೆಟ್ಟಿತು, ಸಂಸಾರ ನಡೆಸೋದು ಕಷ್ಟವಾಯಿತು. ಆಗ ನಾವಾದರೆ ಏನು ಮಾಡುತ್ತಿದ್ದೆವು? ಇನ್ನೊಂದು ಕೆಲಸ ಹುಡುಕುತ್ತಿದ್ದೆವು, ಇಲ್ಲಾ ಸಾಲ ಮಾಡುತ್ತಿದ್ದೆವು. ಈ ಪುಣ್ಯಾತ್ಮ ಸೈಕಲ್ ಹತ್ತಿದ! ದೇಶ ಸುತ್ತಿ, ಫೋಟೋ ತೆಗೆದು, ಲೇಖನ ಬರೆದು ಪತ್ರಿಕೆಗಳಿಗೆ ಮಾರಿ ಮನೆಗೆ ದುಡ್ಡು ಕಳಿಸುವುದು ಅವನ ಲೆಕ್ಕಾಚಾರ.

ಹಾಗೆಂದು ಏಕಾಏಕಿ ಆಫ್ರಿಕಾಕ್ಕೆ ಹಾರಲಿಲ್ಲ. 1925ರಿಂದಲೇ ಯುರೋಪಿನ ದೇಶಗಳನ್ನು ಸೈಕಲ್ಲಿನಲ್ಲಿ ಸುತ್ತಿದ್ದ. 1928ರ ಹೊತ್ತಿಗೆ ಲಿಬಿಯಾದ ಟ್ರಿಪೋಲಿವರೆಗೂ ಹೋಗಿ, ಕೈಯಲ್ಲಿ ಕಾಸಿಲ್ಲದೆ ವಾಪಸಾಗಿದ್ದ. ನನ್ನ ಪ್ರಕಾರ ಅವನ ನಿಜವಾದ ತಯಾರಿ ಅಂದರೆ ಇದೇ. ರಾತ್ರಿ ಬಯಲಲ್ಲಿ ಮಲಗುವುದು, ಸಿಕ್ಕಿದ್ದನ್ನು ತಿನ್ನುವುದು, ದಾರಿಯಲ್ಲೇ ಕೂತು ಬರೆಯುವುದು ಇವನ್ನೆಲ್ಲ ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

1931ರ ನವೆಂಬರ್ 4ರಂದು ಪೊಜ್ನಾನ್ ನಿಲ್ದಾಣದಲ್ಲಿ ಹಳೇ ಸೈಕಲ್ಲಿನೊಂದಿಗೆ ರೈಲು ಹತ್ತಿದ. ಆ ತಿಂಗಳ ಕೊನೆಗೆ ಟ್ರಿಪೋಲಿಯಿಂದ ಪೆಡಲು ತುಳಿಯಲು ಶುರು. ಆಗ ಲಿಬಿಯಾದ ಪರಿಸ್ಥಿತಿ ಹೇಗಿತ್ತು ಅಂತೀರಿ? ಇಟಲಿಯವರ ವಿರುದ್ಧ ಇಪ್ಪತ್ತು ವರ್ಷ ಹೋರಾಡಿದ್ದ ಓಮರ್ ಮುಖ್ತಾರ್‌ನನ್ನು ಗಲ್ಲಿಗೇರಿಸಿದ್ದು ಅದೇ 1931ರ ಸೆಪ್ಟೆಂಬರ್ 16ರಂದು. ಎರಡು ತಿಂಗಳ ಮೇಲೆ ಕೆಲವೇ ದಿನ ಕಳೆದಿತ್ತು! ಇಂಥಾ ದೇಶದೊಳಕ್ಕೆ ಒಬ್ಬ ಬಿಳಿಯ, ಒಂಟಿಯಾಗಿ, ಸೈಕಲ್ಲಿನಲ್ಲಿ.

ಅಲ್ಲಿಂದ ಈಜಿಪ್ಟ್, ಸುಡಾನ್, ಬೆಲ್ಜಿಯನ್ನರ ಕಾಂಗೋ, ರೊಡೇಶಿಯಾ ದಾಟಿ 1934ರಲ್ಲಿ ಖಂಡದ ದಕ್ಷಿಣದ ತುದಿ ಅಗುಲ್ಹಾಸ್ ಭೂಶಿರ ಮುಟ್ಟಿದ. ಸಾಕಪ್ಪಾ ಅಂತ ಹಡಗು ಹತ್ತಬಹುದಿತ್ತು. ಹತ್ತಲಿಲ್ಲ! ಪಶ್ಚಿಮದ ಕಡೆಯಿಂದ ಮತ್ತೆ ಉತ್ತರಕ್ಕೆ ಹೊರಟ. ಸೈಕಲ್ಲು ಕೈಕೊಟ್ಟಲ್ಲಿ ಕುದುರೆ, ನದಿಯಲ್ಲಿ ದೋಣಿ, ಸಹಾರಾದಲ್ಲಿ ಒಂಟೆ, ಏನೂ ಇಲ್ಲದಾಗ ಕಾಲ್ನಡಿಗೆ. 1936ರ ನವೆಂಬರಿನಲ್ಲಿ ಅಲ್ಜಿಯರ್ಸ್ ತಲುಪಿದ. ಒಟ್ಟು ಐದು ವರ್ಷ, ಸುಮಾರು 40,000 ಕಿಲೋಮೀಟರು.

(ಸಹಾರಾ ದಾಟಿದ ಸೈಕಲಿಗರಲ್ಲಿ ನಮ್ಮ ದೇಶದವನೂ ಇದ್ದಾನೆ. 1924ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ, ಫ್ರಾಮ್ರೋಜ್ ದಾವರ್. ಅದೂ ನೋವಾಕ್‌ಗಿಂತ ಮೊದಲೇ. ಅವನ ಕಥೆ ಇನ್ನೊಮ್ಮೆ ಬರೆಯುವೆ.)

ನನಗೆ ದೂರಕ್ಕಿಂತ ಹೆಚ್ಚು ಹಿಡಿಸಿದ್ದು ನೋವಾಕನ ಕಣ್ಣು. ಆ ಕಾಲದಲ್ಲಿ ಆಫ್ರಿಕಾ ಸುತ್ತಿದ ಬಿಳಿಯರ ಬರಹಗಳಲ್ಲಿ ಸ್ಥಳೀಯರು ಹೊರೆ ಹೊರುವವರಾಗಿಯೋ ವಿಚಿತ್ರ ಪ್ರಾಣಿಗಳಂತೆಯೋ ಬರುವುದೇ ಹೆಚ್ಚು. ಇವನು ಅವರ ಗುಡಿಸಲಲ್ಲಿ ಮಲಗಿದ, ಅವರ ಜೊತೆ ಉಂಡ, ವಸಾಹತುಗಾರರ ದರ್ಪವನ್ನು ಖಾರವಾಗಿಯೇ ಬರೆದ. ಸ್ವತಃ 123 ವರ್ಷ ಪರರ ಆಳ್ವಿಕೆಯಲ್ಲಿದ್ದು 1918ರಲ್ಲಷ್ಟೇ ಬಿಡುಗಡೆ ಕಂಡ ಜನಾಂಗದವನಲ್ಲವೇ, ಅದಕ್ಕೇ ಇರಬೇಕು ಅಂದುಕೊಂಡೆ. ಆದರೆ ಅದು ಪೂರ್ತಿ ಉತ್ತರವಲ್ಲ. ಅದೇ ಮೂವತ್ತರ ದಶಕದಲ್ಲಿ, ಅದೇ ಪೋಲೆಂಡಿನಲ್ಲಿ, ನಮಗೂ ವಸಾಹತು ಬೇಕು ಅಂತ ಕೂಗುತ್ತಿದ್ದ ದೊಡ್ಡ ಸಂಘಟನೆಯೇ ಇತ್ತು! ತುಳಿಸಿಕೊಂಡವರೆಲ್ಲ ತುಳಿಯುವುದನ್ನು ದ್ವೇಷಿಸುತ್ತಾರೆ ಅಂತೇನೂ ಇಲ್ಲ.

ಮರಿಯಾ ಬಗ್ಗೆ ಯೋಚಿಸಿದಾಗ ಮಾತ್ರ ಈ ಮನುಷ್ಯನ ಮೇಲೆ ಸಿಟ್ಟು ಬರುತ್ತದೆ. ದಾರಿಯುದ್ದಕ್ಕೂ ಆಕೆಗೆ ಕಾಗದ ಬರೆದ, ನಿಜ. ಆದರೆ ಐದು ವರ್ಷ ಇಬ್ಬರು ಮಕ್ಕಳನ್ನು ಸಾಕಿದ್ದು ಆಕೆ. ಹೊಟ್ಟೆಪಾಡಿಗಾಗಿ ಹೋದನೋ, ಅಲೆಯುವ ಹುಚ್ಚಿಗೆ ಹೊಟ್ಟೆಪಾಡಿನ ನೆಪ ಕೊಟ್ಟನೋ? ಅಗುಲ್ಹಾಸಿನಿಂದ ಮತ್ತೆ ಉತ್ತರಕ್ಕೆ ತಿರುಗಿದ್ದು ನೋಡಿದರೆ ಎರಡನೆಯದೇ ಇರಬೇಕು ಅನ್ನಿಸುತ್ತದೆ. ನೀವೇನಂತೀರಿ?

ಮನೆಗೆ ಮರಳಿದಾಗ ಮಲೇರಿಯಾ ಅವನ ದೇಹವನ್ನು ಹಿಂಡಿಹಾಕಿತ್ತು. ಒಂದು ವರ್ಷವೂ ತುಂಬಲಿಲ್ಲ. 1937ರ ಅಕ್ಟೋಬರ್ 13ರಂದು ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು 40.

ಆಮೇಲೆ ಯುದ್ಧ ಬಂತು, ಜನ ಮರೆತರು. 2000ದಲ್ಲಿ ಉಕಾಶ್ ವಿಯೆಝ್ಬಿಟ್ಸ್ಕಿ ಎಂಬ ಲೇಖಕ ಹಳೇ ಪತ್ರಿಕೆಗಳಿಂದ ಬರಹಗಳನ್ನು ಹೆಕ್ಕಿ ಪುಸ್ತಕ ಮಾಡಿದ ಮೇಲೆಯೇ ಪೋಲೆಂಡಿಗೆ ನೋವಾಕ್ ಮತ್ತೆ ಸಿಕ್ಕಿದ್ದು. 2006ರಲ್ಲಿ ಪೊಜ್ನಾನ್ ರೈಲು ನಿಲ್ದಾಣದಲ್ಲಿ ಅವನ ಸ್ಮರಣೆಯ ಫಲಕ ಬಂತು. ಅನಾವರಣ ಮಾಡಿದ್ದು, ತಾನೂ ಆಫ್ರಿಕಾ ಅಲೆದು ಬರೆದ ರಿಶಾರ್ಡ್ ಕಪುಶಿನ್ಸ್ಕಿ. ಮುಂದೆ 2009ರಿಂದ 2011ರವರೆಗೆ ಪೋಲೆಂಡಿನ ಹಲವು ತಂಡಗಳು, ರಿಲೇ ಓಟದ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾ, ಅದೇ ದಾರಿಯನ್ನು ಸೈಕಲ್ಲಿನಲ್ಲಿ ಮತ್ತೆ ತುಳಿದವು.