ಪಟ್ಟೆತಲೆ ಹೆಬ್ಬಾತಿನ ಚಳಿಗಾಲದ ನೆಲೆ: ಮಾಗಡಿ ಕೆರೆ ಮತ್ತು ಸುತ್ತಲಿನ ಹೊಲಗಳು

ಪೀಠಿಕೆ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ಕಟ್ಟಿದ್ದು ಮಳೆನೀರು ಹಿಡಿದು ನೀರಾವರಿಗೆ ಒದಗಿಸಲೆಂದು. ಇದರ ವಿಸ್ತೀರ್ಣ ಸುಮಾರು 50 ಹೆಕ್ಟೇರ್. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ ಈ ಕೆರೆಯೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟೆತಲೆ ಹೆಬ್ಬಾತು ದಕ್ಷಿಣ ಭಾರತದಲ್ಲಿ ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಇದೂ ಒಂದು. ಮಾನ್ಯತೆ ದೊರೆತಿರುವುದು ಕೆರೆಗೆ. ಆದರೆ ಹಕ್ಕಿಯ ಆಹಾರ ಮತ್ತು ದಿನಚರಿಯನ್ನು ಪರಿಶೀಲಿಸಿದರೆ ಅದರ ನೆಲೆ ಕೆರೆಯ ಏರಿಗೇ ಮುಗಿಯುವುದಿಲ್ಲ, ಸುತ್ತಲಿನ ಹೊಲಗಳೂ ಅದರ ಭಾಗವೇ ಎಂಬುದು ಈ ಲೇಖನದ ವಾದ.

ತವರು ಮತ್ತು ಹಾದಿ

ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಅಡ್ಡಪಟ್ಟೆ, ಬೂದು ಮೈ, ತುದಿ ಕಪ್ಪಾದ ಹಳದಿ ಕೊಕ್ಕು ಈ ಹಕ್ಕಿಯ ಗುರುತು. ಮಂಗೋಲಿಯಾ, ಚೀನಾದ ಚಿಂಗ್ಹಾಯ್, ಟಿಬೆಟ್ ಹಾಗೂ ಲಡಾಖಿನ ಸರೋವರಗಳ ಬಳಿ ಇದು ಬೇಸಿಗೆಯಲ್ಲಿ ಗುಂಪುಗೂಡಿ ನೆಲದ ಮೇಲೆ ಗೂಡು ಕಟ್ಟುತ್ತದೆ. ಮರಿಗಳನ್ನು ಬೆಳೆಸುವ ಅವಧಿಯಲ್ಲೇ ರೆಕ್ಕೆಯ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸಿ ಕೆಲವು ವಾರ ಹಾರಲಾರದ ಸ್ಥಿತಿಯಲ್ಲಿರುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿರುವುದು ಎರಡೂ ನಾಡುಗಳ ನಂಟಿಗೆ ನೇರ ಪುರಾವೆ.

ಎವರೆಸ್ಟ್ ಶಿಖರದ ನೆತ್ತಿಯ ಮೇಲೆಯೇ ಹಾರುವ ಹಕ್ಕಿ ಎಂಬ ಖ್ಯಾತಿ ಇದಕ್ಕಿದೆ. ಅಳತೆಗಳು ಹೇಳುವುದು ಬೇರೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. 2015ರ ಅಧ್ಯಯನದ ಪ್ರಕಾರ ಇವು ನೆಲದ ಏರಿಳಿತವನ್ನು ಅನುಸರಿಸಿ ಹಾರುತ್ತವೆ. ಕಣಿವೆ ಬಂದಲ್ಲಿ ಇಳಿದು ಮತ್ತೆ ಏರುತ್ತವೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮ ಹೆಚ್ಚಾಗುವುದರಿಂದ, ಗಳಿಸಿದ ಎತ್ತರವನ್ನು ಬಿಟ್ಟುಕೊಟ್ಟರೂ ಒಟ್ಟಾರೆ ಶಕ್ತಿ ಉಳಿಯುತ್ತದೆ. ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಮತ್ತು ಹಾರಾಟದ ಸ್ನಾಯುಗಳಲ್ಲಿ ದಟ್ಟವಾಗಿ ಹರಡಿದ ಲೋಮನಾಳಗಳು ಈ ಪಯಣಕ್ಕೆ ನೆರವಾಗುತ್ತವೆ.

ಕೆರೆ, ಹೊಲ ಮತ್ತು ದಿನಚರಿ

ಈ ಹಕ್ಕಿ ನೀರಲ್ಲಿ ತಂಗಿದರೂ ಮುಖ್ಯವಾಗಿ ನೆಲದಲ್ಲಿ ಮೇಯುತ್ತದೆ. ಕೊಕ್ಕಿನ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿವೆ. ಹುಲ್ಲಿನ ಎಸಳನ್ನು ಕಚ್ಚಿ, ಕತ್ತು ಜಗ್ಗಿ ಹರಿಯಲು ಇವು ಅನುಕೂಲ. ಮೇವಿನ ನಾರು ಜೀರ್ಣವಾಗುವುದು ಕಡಿಮೆ, ಹೆಚ್ಚಿನಂಶ ಹಸಿರು ಹಿಕ್ಕೆಯಾಗಿ ಬೇಗನೆ ಹೊರಬೀಳುತ್ತದೆ. ಆದ್ದರಿಂದ ಮೈ ತುಂಬಿಕೊಳ್ಳಲು ಹೆಚ್ಚು ಹೊತ್ತು ಮೇಯಲೇಬೇಕು. ಮಾರ್ಚ್ ಹೊತ್ತಿಗೆ ಉತ್ತರಕ್ಕೆ ಹೊರಡುವ ಮುನ್ನ ಕೊಬ್ಬು ಕೂಡಿಡುವುದೂ ಈ ಮೇವಿನಿಂದಲೇ.

ಹಗಲಿನ ಬಹುಪಾಲು ಹಿಂಡು ಕೆರೆಯ ನಡುವೆ ಅಥವಾ ದಡದಲ್ಲಿ ವಿಶ್ರಮಿಸುತ್ತದೆ. ಸಂಜೆಯಾದರೆ ಸಾಲುಗಟ್ಟಿ ಹೊಲಗಳತ್ತ ಹಾರುತ್ತದೆ; ರಾತ್ರಿ ಮೇದು ಬೆಳಗಿಗೆ ಮರಳುತ್ತದೆ. ಹುಲ್ಲು, ಎಳೆಯ ಪೈರು, ಕೊಯ್ಲಿನ ಬಳಿಕ ಉಳಿದ ಕಾಳು, ನೆಲದಲ್ಲೇ ಉಳಿದ ಶೇಂಗಾ ಎಲ್ಲವೂ ಇದಕ್ಕೆ ಆಹಾರ. ಕೆರೆ ಒದಗಿಸುವುದು ಮುಖ್ಯವಾಗಿ ನೀರು ಮತ್ತು ಸುರಕ್ಷತೆಯನ್ನು, ಹೊಟ್ಟೆ ತುಂಬಿಸುವುದು ಹೊಲ. ಎರಡರಲ್ಲಿ ಒಂದು ಕೆಟ್ಟರೂ ಹಿಂಡಿಗೆ ಅಲ್ಲಿ ಚಳಿಗಾಲ ಕಳೆಯುವುದು ಕಷ್ಟ.

ನೆಲೆಯ ಈ ಸ್ವರೂಪದಿಂದಲೇ ಅಪಾಯಗಳೂ ಹುಟ್ಟುತ್ತವೆ. ವಿಷ ಲೇಪಿಸಿದ ಬಿತ್ತನೆ ಬೀಜ, ಮುಸ್ಸಂಜೆಯ ಹಾರುಹಾದಿಗೆ ಅಡ್ಡ ಬರುವ ವಿದ್ಯುತ್ ತಂತಿ, ಬೆಳೆ ಪದ್ಧತಿಯ ಬದಲಾವಣೆ ಇವೆಲ್ಲ ಕೆರೆಯ ಗಡಿಯಾಚೆಗಿನ ಸಂಗತಿಗಳು. ಗುಂಪಾಗಿ ಬದುಕುವ ಹಕ್ಕಿಗೆ ರೋಗದ ಭಯವೂ ಇದೆ. 2005ರಲ್ಲಿ ಚಿಂಗ್ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸತ್ತ ಸಾವಿರಾರು ಹಕ್ಕಿಗಳಲ್ಲಿ ಈ ಹೆಬ್ಬಾತುಗಳೇ ಹೆಚ್ಚು.

ಸಮಾರೋಪ

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಹೆಬ್ಬಾತು ಸದ್ಯ ಅಳಿವಿನಂಚಿನ ಪಕ್ಷಿಯಲ್ಲ. ಹಾಗೆಂದು ನೆಲೆಯ ಅರ್ಧವನ್ನಷ್ಟೇ ಕಾಯುವುದು ಸರಿಯಲ್ಲ. ಮಾಗಡಿಯಂಥ ಕೆರೆಗಳ ನಿರ್ವಹಣಾ ಯೋಜನೆಯಲ್ಲಿ ಹಿಂಡು ಮೇಯುವ ಹೊಲಗಳನ್ನು ಗುರುತಿಸಿ ನಕ್ಷೆಗೆ ಸೇರಿಸಬೇಕು. ಬೆಳೆ ಹಾನಿಗೆ ತಕ್ಕ ಪರಿಹಾರ ಕೊಟ್ಟು, ಯೋಜನೆ ರೂಪಿಸುವಾಗಲೇ ರೈತರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು. ಹೆಬ್ಬಾತಿಗೆ ಮೇವು ಕೊಡುತ್ತಿರುವವರು ಅವರೇ.