ಕಂಡಕ್ಟರನ ಮೆಟ್ಟಿಲು, ಚಾಲಕನ ಸೊಂಟ

ವ್ಯಾಯಾಮ ಒಳ್ಳೆಯದೆಂಬ ಮಾತು ಹಳೆಯದು. ಅದನ್ನು ಅಂಕಿಗಳಲ್ಲಿ ತೋರಿಸುವ ಪ್ರಯತ್ನಕ್ಕೆ ಮಾತ್ರ ಹೆಚ್ಚು ವಯಸ್ಸಾಗಿಲ್ಲ.

ಎರಡನೇ ಮಹಾಯುದ್ಧದ ನಂತರ ಜೆರ್ರಿ ಮಾರಿಸ್ (1910–2009) ಎಂಬ ವೈದ್ಯರು ಸಂಗಡಿಗರೊಡನೆ ಲಂಡನ್ನಿನ ಸುಮಾರು 31,000 ಸಾರಿಗೆ ನೌಕರರ ಹೃದ್ರೋಗದ ದಾಖಲೆಗಳನ್ನು ಕಲೆಹಾಕಿದರು. ಎಲ್ಲರೂ 35ರಿಂದ 64 ವಯಸ್ಸಿನ ಗಂಡಸರು. ಒಂದೇ ಬಸ್ಸಿನಲ್ಲಿ ಇಬ್ಬರು: ದಿನವಿಡೀ ಕುಳಿತೇ ಇರುವ ಚಾಲಕ, ಡಬಲ್ ಡೆಕರ್‌ನ 500ರಿಂದ 750 ಮೆಟ್ಟಿಲುಗಳನ್ನು ದಿನವೂ ಹತ್ತುವ ಕಂಡಕ್ಟರ್. ವರ್ಷಕ್ಕೆ ಸಾವಿರಕ್ಕೆ ಚಾಲಕರಲ್ಲಿ 2.7, ಕಂಡಕ್ಟರುಗಳಲ್ಲಿ 1.9 ಮಂದಿಗೆ ಹೃದಯದ ರಕ್ತನಾಳದ ರೋಗ ತಗಲಿತ್ತು. ಈ ಫಲಿತಾಂಶ 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಷ್ಟಕ್ಕೇ ಮೆಟ್ಟಿಲುಗಳೇ ಕಾರಣವೆಂದು ಹೇಳಬಹುದೇ? ಮಾರಿಸ್ ತಮ್ಮ ತೀರ್ಮಾನವನ್ನು ತಾವೇ ಪರೀಕ್ಷೆಗೆ ಒಡ್ಡಿದ ರೀತಿ ನನಗೆ ಬಹಳ ಮೆಚ್ಚುಗೆ. ಅವರ ತಂಡ ಸಮವಸ್ತ್ರದ ದಾಖಲೆ ತೆರೆದು ಪ್ಯಾಂಟಿನ ಸೊಂಟದ ಅಳತೆಗಳನ್ನು ಹೋಲಿಸಿತು. ಚಾಲಕರ ಸೊಂಟವೇ ದೊಡ್ಡದು. ಕಿರಿಯ ಚಾಲಕರಲ್ಲೂ ಹಾಗೆಯೇ. ಅಂದರೆ ಕೆಲಸಕ್ಕೆ ಸೇರುವಾಗಲೇ ಇವರಲ್ಲಿ ವ್ಯತ್ಯಾಸವಿದ್ದಿರಬಹುದು. ತಮ್ಮ ವಾದಕ್ಕೆ ತೊಡಕಾಗುವ ಈ ಸಂಗತಿಯನ್ನು ಅವರು 1956ರಲ್ಲಿ ಪ್ರಕಟಿಸಿದರು.

ಭೌತವಿಜ್ಞಾನದವನಾದ ನನಗೆ ಇನ್ನೊಂದು ಲೆಕ್ಕ ಕಾಡುತ್ತದೆ. 20 ಸೆಂಟಿಮೀಟರ್ ಎತ್ತರದ 600 ಮೆಟ್ಟಿಲೆಂದರೆ 120 ಮೀಟರ್ ಏರಿಕೆ. 60 ಕಿಲೊಗ್ರಾಂ ದ್ರವ್ಯರಾಶಿಯ ವ್ಯಕ್ತಿ ಗುರುತ್ವದ ವಿರುದ್ಧ ಮಾಡುವ ಕೆಲಸ ಸುಮಾರು 70 ಕಿಲೊಜೂಲ್. ಸ್ನಾಯುವಿನ ದಕ್ಷತೆ ಶೇಕಡಾ 25 ಎಂದು ಹಿಡಿದರೆ ವ್ಯಯವಾಗುವ ಶಕ್ತಿ 280 ಕಿಲೊಜೂಲ್, ಅಂದರೆ ಸುಮಾರು 67 ಕಿಲೊಕ್ಯಾಲೊರಿ. ಒಂದೆರಡು ಇಡ್ಲಿಗೆ ಸಮ! ದಿನವಿಡೀ ನಿಂತು ನಡೆದದ್ದು ಇದಕ್ಕೆ ಸೇರಬೇಕು, ನಿಜ. ಆದರೂ ವ್ಯಾಯಾಮದ ಪರಿಣಾಮವೆಲ್ಲ ಕೊಬ್ಬು ಕರಗಿಸುವುದರಲ್ಲೇ ಇಲ್ಲವೆಂಬ ಸಂಶಯ ಬರುತ್ತದೆ.

ಉತ್ತರ ಸ್ನಾಯುಕೋಶದಲ್ಲಿತ್ತು. ಓಟದ ತರಬೇತಿ ಪಡೆದ ಇಲಿಗಳ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಗಳ ಉತ್ಕರ್ಷಣ ಸಾಮರ್ಥ್ಯ ಸುಮಾರು ಇಮ್ಮಡಿಯಾಗುವುದನ್ನು ಜಾನ್ ಹಾಲೊಸ್ಜಿ 1967ರಲ್ಲಿ ತೋರಿಸಿದರು. ಸ್ನಾಯು ಸಂಕುಚಿಸಿದಾಗ ಗ್ಲೂಕೋಸ್ ಸಾಗಿಸುವ 'ಗ್ಲೂಟ್-4' ಎಂಬ ಪ್ರೋಟೀನು ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಕೋಶದ ಹೊರಪೊರೆಗೆ ಬರುತ್ತದೆಂಬುದು ಮುಂದೆ ತಿಳಿಯಿತು. ಇನ್ಸುಲಿನ್‌ಗೆ ದೇಹ ಸರಿಯಾಗಿ ಓಗೊಡದವರಿಗೆ ಇದೊಂದು ಬದಲಿ ದಾರಿ.

ಇಂಥ ಇನ್ಸುಲಿನ್ ಪ್ರತಿರೋಧವನ್ನೂ ರಕ್ತದೊತ್ತಡ, ಟ್ರೈಗ್ಲಿಸರೈಡ್, ಕಡಿಮೆ ಎಚ್‌ಡಿಎಲ್ ಮೊದಲಾದವನ್ನೂ ಜೆರಾಲ್ಡ್ ರೀವನ್ 1988ರಲ್ಲಿ 'ಸಿಂಡ್ರೋಮ್ ಎಕ್ಸ್' ಎಂದು ಒಂದೇ ಕಟ್ಟಿನಲ್ಲಿ ಕಟ್ಟಿದರು. ಬೊಜ್ಜನ್ನು ಅವರು ಇದರಲ್ಲಿ ಸೇರಿಸಿರಲಿಲ್ಲ. ಆದರೆ ಅನಂತರದ ಚಯಾಪಚಯ ಸಹಲಕ್ಷಣದ (ಮೆಟಬಾಲಿಕ್ ಸಿಂಡ್ರೋಮ್) ಮಾನದಂಡಗಳಲ್ಲಿ ಸೊಂಟದ ಸುತ್ತಳತೆ ಸೇರಿತು. ಮಾರಿಸ್‌ರ ಟೇಪು ಮರಳಿ ಬಂದಂತಾಯಿತು. 2005ರಲ್ಲಿ ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಈ ಮಿತಿಯನ್ನು ಯೂರೋಪಿನ ಗಂಡಸರಿಗೆ 94 ಸೆಂ.ಮೀ., ದಕ್ಷಿಣ ಏಷ್ಯಾದ ನಮ್ಮಂಥವರಿಗೆ 90 ಎಂದು ನಿಗದಿಪಡಿಸಿತು.

ಈ ಸಹಲಕ್ಷಣವುಳ್ಳವರಿಗೇ ಏರೋಬಿಕ್ ವ್ಯಾಯಾಮ ಮಾಡಿಸಿದರೆ? ಅಮೆರಿಕ, ಕೆನಡಾಗಳ 'ಹೆರಿಟೇಜ್' ಅಧ್ಯಯನದ 621 ಜನರಲ್ಲಿ 105 ಮಂದಿಗೆ ಅದು ಇತ್ತು. ವಾರಕ್ಕೆ ಮೂರು ದಿನದಂತೆ 20 ವಾರ ಅವರು ನಿಂತಲ್ಲೇ ತುಳಿಯುವ ಸೈಕಲ್ ತುಳಿದರು. 2003ರ ವರದಿಯಂತೆ 32 ಜನರಲ್ಲಿ ಸಹಲಕ್ಷಣ ಮಾಯವಾಗಿತ್ತು. ಟ್ರೈಗ್ಲಿಸರೈಡ್ ಇಳಿದದ್ದು ಶೇ. 43 ಜನರಲ್ಲಿ, ರಕ್ತದೊತ್ತಡ ಇಳಿದದ್ದು ಶೇ. 38ರಲ್ಲಿ, ಸೊಂಟ ಇಳಿದದ್ದು ಶೇ. 28ರಲ್ಲಿ ಮಾತ್ರ. ಉಪವಾಸದ ಗ್ಲೂಕೋಸ್ ಸುಧಾರಿಸಿದವರು ಶೇ. 9. ವ್ಯಾಯಾಮ ಮಾಡದ ಹೋಲಿಕೆಯ ಗುಂಪು ಈ ಅಧ್ಯಯನದಲ್ಲಿ ಇರಲಿಲ್ಲ. 73 ಜನರಲ್ಲಿ ಸಹಲಕ್ಷಣ ಉಳಿದೇ ಇತ್ತು.